ಉಪ್ಪುಕುಡಿಯ ಪಾತಿಗೆ ಕಟ್ಟಿದ ನೂಲು

ಸವಳೂರು,
ಮರುಬೇಸಿಗೆಯ ಮೂವತ್ತನಾಲ್ಕನೆಯ ದಿನ,
ಇಸವಿ ಎರಡು ಸಾವಿರದ ಮುನ್ನೂರ ಹದಿನೇಳು

ನಮಗಿಂತ ಮುಂಚೆ ಈ ನೆಲದಲ್ಲಿ ಬೆಳೆದು ಉಂಡವರಿಗೆ,

ಮೇಲೆ ಬರೆದ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗಲಾರದು. ನಮ್ಮಲ್ಲಿ ಮಳೆಗಾಲ ಮುಗಿದ ಮೇಲೆ ಇನ್ನೊಂದು ಬೇಸಿಗೆ ಬರುತ್ತದೆ. ಅದನ್ನು ಮರುಬೇಸಿಗೆ ಎನ್ನುತ್ತೇವೆ, ಅದರ ದಿನಗಳನ್ನು ಬೇರೆಯಾಗಿಯೇ ಎಣಿಸುತ್ತೇವೆ. ಈ ಪತ್ರದಲ್ಲಿ ಇಂಥ ಮಾತುಗಳು ಇನ್ನೂ ಕೆಲವು ಬರುತ್ತವೆ. ನಿಮ್ಮ ಕಾಲದ ಕನ್ನಡವನ್ನು ನಾನು ವಾಚನಮನೆಯಲ್ಲಿ ಉಳಿದ ಹಳೆಯ ಪತ್ರಿಕೆಗಳಿಂದ ಕಲಿತೆ. ತಪ್ಪಿದ್ದರೆ ಮನ್ನಿಸಿ. ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಇಂದು ಬೆಳಿಗ್ಗೆ ನಮ್ಮ ಓಣಿಯಲ್ಲಿ ನಡೆದದ್ದನ್ನು ಕಂಡ ಮೇಲೆ ಆ ಸಿಟ್ಟನ್ನು ನಿಮಗಷ್ಟೇ ಮೀಸಲಿಡುವುದು ನ್ಯಾಯವಲ್ಲ ಎನಿಸಿದೆ.

ನನ್ನ ಹೆಸರು ಯಂಕೋಬ. ತುಂಗಭದ್ರೆಯ ಕಾಲುವೆ ಕೊನೆ ಮುಟ್ಟುತ್ತಿದ್ದ ಕಡೆ ನಮ್ಮ ಊರಿದೆ. ನಿಮ್ಮ ಕಾಲದಲ್ಲಿ ಇಲ್ಲಿ ಕಣ್ಣು ಹಾಯುವವರೆಗೆ ಭತ್ತದ ಗದ್ದೆಗಳಿದ್ದವಂತೆ. ವರ್ಷಕ್ಕೆ ಎರಡು ಬೆಳೆ, ನೆಲ ಒಣಗಲು ಬಿಡುವೇ ಇಲ್ಲದಷ್ಟು ನೀರು. ಆ ನೀರು ಕೆಳಗಿನ ಉಪ್ಪನ್ನು ಮೇಲಕ್ಕೆ ಎಳೆದು ತಂದಿತು. ಈಗ ಬೆಳಗಿನ ಹೊತ್ತು ಬಯಲು ನೋಡಿದರೆ ಯಾರೋ ಸುಣ್ಣ ಚೆಲ್ಲಿದಂತೆ ಕಾಣುತ್ತದೆ. ಮಕ್ಕಳು ಬರಿಗಾಲಲ್ಲಿ ಓಡಾಡಿದರೆ ಹಿಮ್ಮಡಿ ಬಿರಿಯುತ್ತದೆ. ಗೋಡೆಗಳ ಬುಡ ಪ್ರತಿ ವರ್ಷ ಉದುರುತ್ತದೆ, ಪ್ರತಿ ವರ್ಷ ಮೆತ್ತುತ್ತೇವೆ. ಜೋಳವನ್ನು ಮೇಲಿನ ಎರೆಭೂಮಿಯವರಿಂದ ತರುತ್ತೇವೆ, ಬದಲಿಗೆ ಆಡುಗಳನ್ನು ಕೊಡುತ್ತೇವೆ. ಸೊಪ್ಪು, ಬದನೆ, ಬೆಂಡೆ ಇವುಗಳನ್ನು ನಮ್ಮ ಮಕ್ಕಳು ಚಿತ್ರದಲ್ಲಷ್ಟೇ ನೋಡಿದ್ದಾರೆ.

ಈ ನೆಲದಲ್ಲಿ ಮನಸ್ಸಿಟ್ಟು ಬೆಳೆಯುವ ಹಸಿರು ಒಂದೇ. ನಾವು ಅದನ್ನು ಉಪ್ಪುಕುಡಿ ಎನ್ನುತ್ತೇವೆ, ಉಪ್ಪಿಗೆ ಅಷ್ಟಾಗಿ ಅಂಜದ ಕುಡಿ ಎಂದು. ನೀವು ಆಸ್ಪ್ಯಾರಗಸ್ ಎನ್ನುತ್ತಿದ್ದಿರಿ, ದೊಡ್ಡ ಹೋಟೆಲುಗಳಲ್ಲಿ ತಿನ್ನುತ್ತಿದ್ದಿರಿ. ವಾಚನಮನೆಯಲ್ಲಿ ಅಂಥ ಹೋಟೆಲೊಂದರ ಊಟದ ಪಟ್ಟಿಯಿದೆ. ಆಸ್ಪ್ಯಾರಗಸ್ ಸೂಪು ವರ್ಷವಿಡೀ ಸಿಗುತ್ತದೆ ಎಂದು ಅದರಲ್ಲಿ ಹೆಮ್ಮೆಯಿಂದ ಅಚ್ಚು ಹಾಕಿಸಿದ್ದಾರೆ. ಆ ಸಾಲನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಉಪ್ಪುಕುಡಿ ವರ್ಷವಿಡೀ ಸಿಗುವ ಗಿಡವಲ್ಲ. ಚಳಿ ಕಳೆದು ಮೊದಲ ಬೇಸಿಗೆ ಕಾಲಿಡುವಾಗ ನೆಲ ಸೀಳಿಕೊಂಡು, ಎಲೆಯಿಲ್ಲದೆ, ಹೆಬ್ಬೆರಳಿನ ದಪ್ಪಕ್ಕೆ ಎದ್ದು ನಿಲ್ಲುತ್ತದೆ. ಎರಡು ತಿಂಗಳು ಕೊಯ್ಯಬಹುದು. ಆಮೇಲೆ ಬಿಡಬೇಕು. ಬಿಟ್ಟರೆ ಅದು ಆಳೆತ್ತರ ಬೆಳೆದು, ನೂಲಿನಂಥ ಎಲೆ ಬಿಚ್ಚಿ, ಬಿಸಿಲನ್ನು ಕುಡಿದು, ಮುಂದಿನ ವರ್ಷದ ಕುಡಿಗೆ ಬೇಕಾದುದನ್ನೆಲ್ಲ ಬೇರಿಗೆ ಇಳಿಸುತ್ತದೆ. ಹಾಗೆ ಬಿಟ್ಟ ದಂಟುಗಳನ್ನು ತಾಯಿಕಡ್ಡಿ ಎನ್ನುತ್ತೇವೆ.

ಉಳಿದ ತಿಂಗಳು ಏನು ತಿನ್ನುವುದು ಎನ್ನುವುದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉತ್ತರ ಜಾಡಿ. ನನ್ನ ಅಕ್ಕ ಹುಲಿಗೆಮ್ಮ ಅದರಲ್ಲಿ ಪಳಗಿದವಳು. ಬೆಳಿಗ್ಗೆ ಕೊಯ್ದದ್ದು ಮಧ್ಯಾಹ್ನದೊಳಗೆ ಜಾಡಿ ಸೇರಬೇಕು ಎನ್ನುವುದು ಅವಳ ಹಟ, ಏಕೆಂದರೆ ಹೊತ್ತು ಹೋದಂತೆ ಕುಡಿಯ ಸಿಹಿ ಹೋಗಿ ನಾರು ಉಳಿಯುತ್ತದೆ. ಕುಡಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸುತ್ತಾಳೆ. ತಾನಾಗಿ ಎಲ್ಲಿ ಮುರಿಯುತ್ತದೋ ಅಲ್ಲಿಗೆ ಎಳೆಯದು ಮುಗಿಯಿತು ಎಂದು ಲೆಕ್ಕ. ಮೇಲಿನ ಭಾಗವನ್ನು ಕುದಿಯುವ ನೀರಿಗೆ ಹಾಕಿ, ಬಣ್ಣ ಗಾಢವಾದೊಡನೆ ತೆಗೆದು, ಮಡಕೆಯ ತಣ್ಣೀರಿಗೆ ಬಿಡುತ್ತಾಳೆ. ಅದರಲ್ಲಿ ಅರ್ಧ ಪಾಲು ಕುಡಿ ಉಪ್ಪು, ಹುಣಸೆ ರಸ, ಸಾಸಿವೆಯೊಡನೆ ಜಾಡಿಗೆ ಹೋಗುತ್ತದೆ. ಇನ್ನರ್ಧ ಬಾಳಕಕ್ಕೆ. ನಿಮ್ಮ ಮನೆಗಳಲ್ಲಿ ಮೆಣಸಿನಕಾಯಿಗೆ ಮಾಡುತ್ತಿದ್ದಂತೆಯೇ: ಉಪ್ಪು ಹಾಕಿದ ಆಡಿನ ಮಜ್ಜಿಗೆಯಲ್ಲಿ ರಾತ್ರಿ ನೆನೆಸುವುದು, ಹಗಲು ಬಿಸಿಲಿಗೆ ಹರವುವುದು, ಮಜ್ಜಿಗೆ ಪೂರ್ತಿ ಹೀರುವವರೆಗೆ ಹಾಗೆಯೇ ಮಾಡುವುದು. ಎಣ್ಣೆಯಲ್ಲಿ ಕರಿದರೆ ಜೋಳದ ರೊಟ್ಟಿಗೆ ಬೇರೇನೂ ಬೇಡ. ನಾರಿರುವ ಬುಡದ ತುಂಡುಗಳನ್ನೂ ಅವಳು ಎಸೆಯುವುದಿಲ್ಲ. ಒಣಗಿಸಿ, ಕುಟ್ಟಿ, ಜರಡಿ ಹಿಡಿದು ಪುಡಿ ಮಾಡುತ್ತಾಳೆ. ಕುದಿಸಿದ ನೀರು ಬೇಳೆಗೆ ಹೋಗುತ್ತದೆ. ಒಂದೇ ಒಂದು ವಿಷಯದಲ್ಲಿ ಮಾತ್ರ ಅವಳು ಯಾರ ಮಾತೂ ಕೇಳುವುದಿಲ್ಲ: ಹುಳಿಯಿಲ್ಲದೆ ಹಸಿ ಕುಡಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಇಡಕೂಡದು. ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಮೂಗಿಗೂ ಏನೂ ತಿಳಿಯುವುದಿಲ್ಲ, ಒಳಗೆ ವಿಷವಾಗಿರುತ್ತದೆ. ಓಣಿಗೊಂದು ಶೀತಪೆಟ್ಟಿಗೆ ಇದೆ, ಆದರೆ ಅದು ಔಷಧಿಗೆ ಮಾತ್ರ. ಜಾಡಿಗೆ ನೆರಳು ಸಾಕು.

ಕೊಯ್ಲು ನಿಲ್ಲಿಸುವ ದಿನಕ್ಕೆ ನಮ್ಮಲ್ಲೊಂದು ಪದ್ಧತಿ ಇದೆ. ಹೊಸದಾಗಿ ಏಳುವ ಕುಡಿ ಕಿರುಬೆರಳಿಗಿಂತ ತೆಳ್ಳಗಾಯಿತೆಂದರೆ ಬೇರು ದಣಿದಿದೆ ಎಂದು ಅರ್ಥ. ಅವತ್ತು ಕುಡುಗೋಲು ಹಿಡಿದವರೇ ಮೊದಲ ತಾಯಿಕಡ್ಡಿಗೆ ಕೆಂಪು ನೂಲು ಕಟ್ಟಬೇಕು. ಆಮೇಲೆ ಆ ಪಾತಿಗೆ ಕಬ್ಬಿಣ ಸೋಕುವಂತಿಲ್ಲ. ಓಣಿಗೊಂದು ಪಾತಿ, ಪಾತಿಗೊಂದು ನೂಲು. ಕಟ್ಟಿದ ದಿನ ಹುಗ್ಗಿ ಮಾಡಿ ಉಣ್ಣುತ್ತೇವೆ.

ಈ ಪದ್ಧತಿಯನ್ನು ನಮ್ಮವರು ಮುರಿಯಲಿಲ್ಲ. ಮುರಿದಿದ್ದರೆ ಯಾರಾದರೂ ಕೂಗಾಡುತ್ತಿದ್ದರು. ಅವರು ಮಾಡಿದ್ದು ದಿನ ಮುಂದೂಡಿದ್ದು. ನೆರೆಮಂಡಳಿ, ಅಂದರೆ ನಮ್ಮ ಊರಿನ ಪಂಚರ ಸಭೆ, ಒಂದು ವರ್ಷ ಹಬ್ಬವಿದೆ ಎಂದು ನೂಲನ್ನು ವಾರ ತಡ ಮಾಡಿತು. ಏನೂ ಆಗಲಿಲ್ಲ. ಮರುವರ್ಷ ಇನ್ನೆರಡು ವಾರ ತಡವಾಯಿತು. ಮಂಡಳಿಯ ಮುಖ್ಯಸ್ಥ ಅಮರೇಶ ಕೆಟ್ಟವನಲ್ಲ, ನಗುಮುಖದವನು, ಎಲ್ಲರ ಮನೆಗೂ ಹಸಿ ಕುಡಿ ಮುಟ್ಟಲಿ ಎನ್ನುವ ಆಸೆಯವನು. ತಡ ಮಾಡಬೇಡಿ ಎಂದು ಅಕ್ಕ ಸಭೆಯಲ್ಲಿ ಎದ್ದು ನಿಂತಾಗ ಅವನು ಕೈಮುಗಿದೇ ಕೇಳಿದ.

"ಅಕ್ಕಾ, ಕುಡಿ ತಾವಾಗೇ ಬರ್ಲಿಕತ್ತಾವು. ಬರೋದನ್ನ ಬ್ಯಾಡ ಅನ್ನೋದು ಯಾವ ಶಾಣ್ಯಾತನ?"

"ಬರ್ತಾವಪ್ಪ. ಕೂಸು ಎಷ್ಟ್ ಬೇಕಾದ್ರೂ ಕುಡಿತದ. ತಾಯಿಗೆ ಉಣ್ಣಾಕ ಬಿಡದಂಗ ಕುಡಿಸ್ತಾರೇನು?"

ಹಿಂದಿನ ಸಾಲಿನಿಂದ ನಮ್ಮ ಪಕ್ಕದ ಮನೆಯ ಮಹಬೂಬಿ ಕೆಣಕಿದಳು. "ಹುಲಿಗೆಮ್ಮ, ನಿನ್ನ ಬಾಳಕ ಕಡಿಯಾಕ ಹೋದ್ರ ನನ್ನ ಉಳಿದೆರಡು ಹಲ್ಲೂ ಹೋಗ್ತಾವ. ಹಸೀದು ಇದ್ದಾಗ ಒಣಗಿದ್ದು ಯಾಕ ತಿನ್ನಲಿ?"

"ಹಲ್ಲು ಹೋಗ್ಲಿ ಬಿಡು. ಪುಡಿ ಮಾಡಿ ಕೊಡ್ತೀನಿ, ನೆಕ್ಕು."

ಸಭೆ ನಕ್ಕಿತು, ಅಕ್ಕನೂ ನಕ್ಕಳು. ಮನೆಗೆ ಬಂದು ತನ್ನ ಓಣಿಯ ಪಾತಿಗೆ, ಕುಡಿ ತೆಳ್ಳಗಾದ ದಿನವೇ, ನೂಲು ಕಟ್ಟಿದಳು. ಓಣಿಯವರು ಗೊಣಗಿದರು. ಪಾತಿ ನೋಡಿಕೊಳ್ಳುವವಳು ಅವಳೇ ಆದ್ದರಿಂದ ಸುಮ್ಮನಾದರು. ಊರು ಅವಳಿಗೆ ಒಣಗಡ್ಡಿ ಎಂದು ಹೆಸರಿಟ್ಟಿತು.

ನಾನು ಓದಿದವನು, ನನಗೆ ಇದು ಹೊಸತಾಗಿ ಕಾಣಲಿಲ್ಲ. ನಿಮ್ಮ ಪತ್ರಿಕೆಗಳಲ್ಲಿ ಇದೇ ಮಾತನ್ನು ಬೇರೆ ಬಾಯಿಗಳಿಂದ ಕೇಳಿದ್ದೇನೆ. ಕಾಲುವೆಯಲ್ಲಿ ನೀರು ಬರುತ್ತಿದೆ, ಭತ್ತ ಬೆಳೆಯುತ್ತಿದೆ, ಎರಡನೆಯ ಬೆಳೆಯನ್ನು ಯಾಕೆ ಬಿಡಬೇಕು? ನೆಲಕ್ಕೆ ಬಿಡುವು ಕೊಡಿ ಎಂದವರೂ ನಿಮ್ಮಲ್ಲಿ ಇದ್ದರು. ಅವರನ್ನು ಮಾತಾಡಲು ಬಿಟ್ಟಿರಿ, ಚಹಾ ಕೊಟ್ಟಿರಿ, ಮತ್ತೆ ನೀರು ಬಿಟ್ಟಿರಿ. ವರ್ಷವಿಡೀ ಎಲ್ಲವೂ ಸಿಗಬೇಕೆಂಬ ಹಸಿವಿಗೆ ನೀವು ಪ್ರಗತಿ ಎಂದು ಹೆಸರಿಟ್ಟಿದ್ದಿರಿ. ಒಂದು ಕಾಲದಲ್ಲಿ ಮಾತ್ರ ಸಿಗುವುದನ್ನು ಕೂಡಿಟ್ಟು, ಉಳಿದ ಕಾಲ ಮಿತವಾಗಿ ತಿನ್ನುವುದು ನಿಮ್ಮ ಅಜ್ಜಿಯರಿಗೆ ಗೊತ್ತಿತ್ತು. ನೀವು ಆ ಜಾಡಿಗಳನ್ನು ಅಲಂಕಾರಕ್ಕೆಂದು ಷೋಕೇಸಿನಲ್ಲಿ ಇಟ್ಟುಕೊಂಡಿರಿ.

ಹೋದ ವರ್ಷ ನೂಲು ಕಟ್ಟಲು ಹೋದಾಗ ಉಳಿದ ಓಣಿಗಳಲ್ಲಿ ಕಟ್ಟಲು ಕಡ್ಡಿಯೇ ಇರಲಿಲ್ಲ. ಕೊಯ್ದ ಮೋಟಿಗೆ ನೂಲು ಸುತ್ತಿ ಹುಗ್ಗಿ ಉಂಡರು. ಈ ವರ್ಷ ಚಳಿ ಕಳೆದ ಮೇಲೆ ಆ ಪಾತಿಗಳಲ್ಲಿ ಎದ್ದದ್ದು ಕಸಬರಿಗೆ ಕಡ್ಡಿಯಷ್ಟು ತೆಳ್ಳಗಿನ ಕುಡಿ. ಅದನ್ನೂ ಕೊಯ್ದರು. ಆಮೇಲೆ ಏನೂ ಏಳಲಿಲ್ಲ. ಅಗೆದು ನೋಡಿದರೆ ಬೇರುಗಳು ಖಾಲಿ ಚೀಲದಂತೆ ಚಪ್ಪಟೆಯಾಗಿದ್ದವು. ಜಾಡಿ ಹಾಕುವ ಅಭ್ಯಾಸ ಬಿಟ್ಟಿದ್ದರಿಂದ ಮನೆಗಳಲ್ಲೂ ಏನೂ ಇರಲಿಲ್ಲ.

ಹೀಗಾಗಿ ಈ ಮರುಬೇಸಿಗೆಗೆ ಊರಿನಲ್ಲಿ ಜೀವಂತವಾಗಿ ಉಳಿದದ್ದು ಅಕ್ಕನ ಪಾತಿ ಒಂದೇ. ತಾಯಿಕಡ್ಡಿಗಳು ಆಳೆತ್ತರ ನಿಂತಿವೆ, ತುಂಬ ಕಾಯಿ ಹಿಡಿದಿವೆ. ಕಾಯಿ ಕೆಂಪಾಗಿ ಹಣ್ಣಾದರೆ ಒಳಗೆ ಕಪ್ಪು ಬೀಜ. ಆ ಬೀಜದಿಂದಲೇ ಉಳಿದ ಓಣಿಗಳಲ್ಲಿ ಮತ್ತೆ ಪಾತಿ ಹಾಕಬೇಕು, ಮೂರು ವರ್ಷ ಮುಟ್ಟದೆ ಕಾಯಬೇಕು. ಬೇರೆ ದಾರಿಯಿಲ್ಲ. ಆದರೆ ಕಡ್ಡಿಗಳನ್ನು ಈಗಲೇ ನೆಲಸಮ ಕೊಯ್ದು ನೀರು ಬಿಟ್ಟರೆ, ಬೇರು ತನ್ನಲ್ಲಿ ಉಳಿದದ್ದನ್ನೆಲ್ಲ ಖರ್ಚು ಮಾಡಿ ಇನ್ನೊಮ್ಮೆ ಹಸಿ ಕುಡಿ ಎಬ್ಬಿಸುತ್ತದೆ. ಇದು ಅಮರೇಶನಿಗೂ ಗೊತ್ತಿತ್ತು.

ಇಂದು ಬೆಳಿಗ್ಗೆ ಅವನು ಕುಡುಗೋಲು ಹಿಡಿದು ಬಂದ. ಹಿಂದೆ ಹತ್ತಾರು ಮಂದಿ ಇದ್ದರು, ಅವರಲ್ಲಿ ಮಹಬೂಬಿಯೂ ಇದ್ದಳು. ಅಕ್ಕ ಪಾತಿಯ ಬದುವಿನ ಮೇಲೆ ಕುಳಿತು ಕಳೆ ಕೀಳುತ್ತಿದ್ದಳು. ಯಾರೂ ಜಗಳದ ದನಿಯಲ್ಲಿ ಮಾತಾಡಲಿಲ್ಲ, ನನಗೆ ಹೆದರಿಕೆಯಾದದ್ದು ಅದಕ್ಕೇ.

"ಒಂದೇ ಸಲ, ಅಕ್ಕಾ," ಎಂದ ಅಮರೇಶ. "ಮಂಡಳಿ ಒಪ್ಯದ. ಎಲ್ಲರಿಗೂ ಹಿಡಿ ಹಿಡಿ ಹಂಚ್ತೀವಿ."

"ನನ್ನ ಸೊಸಿ ಹಡದಾಳ, ಹುಲಿಗೆಮ್ಮ," ಎಂದಳು ಮಹಬೂಬಿ. ಈ ಸಲ ಅವಳ ದನಿಯಲ್ಲಿ ಕೆಣಕು ಇರಲಿಲ್ಲ. "ಹಸರು, ಹಸರು ಅಂತ ಬಾಯಿ ಬಿಡ್ಲಿಕತ್ತಾಳ. ಎಲ್ಲಿಂದ ತರ್ಲಿ?"

ಅಕ್ಕ ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದು ನಾನು ಎಣಿಸಿದೆ. ಅವಳು ಜಾಡಿ ಎತ್ತಿಕೊಂಡು ಬಂದಳು. ಮತ್ತೆ ಹೋದಳು, ಮತ್ತೊಂದು ತಂದಳು. ನನ್ನನ್ನು ನೋಡಿ, "ನಿಂತು ಏನ್ ಓದ್ಲಿಕತ್ತಿ, ಹಿಡಿ ಬಾ," ಎಂದಳು. ಇಬ್ಬರೂ ಸೇರಿ ಮನೆಯಲ್ಲಿದ್ದುದನ್ನೆಲ್ಲ ಕಟ್ಟೆಯ ಮೇಲೆ ತಂದಿಟ್ಟೆವು: ಹುಳಿಯಲ್ಲಿ ಹಾಕಿದ್ದು, ಬಾಳಕ, ಪುಡಿ. ನಮ್ಮಿಬ್ಬರ ವರ್ಷದ ಹಸಿರು ಅದು. ಮೊದಲ ಜಾಡಿಯ ಬಟ್ಟೆ ಬಿಚ್ಚಿದಾಗ ಸಾಸಿವೆಯ ಘಾಟು ಓಣಿಗೆಲ್ಲ ಹರಡಿತು. ಹಿಂದೆ ನಿಂತವರು ತಾವಾಗಿಯೇ ಎರಡು ಹೆಜ್ಜೆ ಮುಂದೆ ಬಂದರು.

"ಬಾಣಂತಿಗೆ ಹುಳಿ ಬ್ಯಾಡ. ಈ ಪುಡಿ ತುಪ್ಪದಾಗ ಕಲಸಿ ಬಿಸಿ ಜ್ವಾಳದ ನುಚ್ಚಿಗೆ ಹಾಕು," ಎಂದು ಮಹಬೂಬಿಯ ಸೆರಗಿಗೆ ಸುರಿದಳು. "ಸೊಸಿಗೆ ಹೇಳು, ಒಣಗಡ್ಡಿ ಕೊಟ್ಟಾಳಂತ."

ಆಮೇಲೆ ಅಮರೇಶನ ಕಡೆ ತಿರುಗಿದಳು. "ಇದು ಎಲ್ಲರಿಗೂ ಹಂಚು. ನನಗೂ ಒಂದು ಪಾಲು ಇಡು. ಹಸೀದು ಬೇಕಂದ್ರ ನಾಕನೇ ವರ್ಷ ನಿನ್ನ ಓಣಿ ಪಾತ್ಯಾಗ ಕೊಯ್ಕೋ. ಅವತ್ತಿಗೆ ನಾ ಇರ್ತೀನೋ ಇಲ್ಲೋ. ಅದು ಇರ್ತದ."

ಅವನು ಕಟ್ಟೆಯ ಮೇಲಿನ ಜಾಡಿಗಳನ್ನು ಎಣಿಸಿದ. "ಇಷ್ಟು ಊರಿಗೆಲ್ಲ ಎಲ್ಲಿ ಸಾಲ್ತದ ಅಕ್ಕಾ?" ಎಂದು ಕೇಳಿದ. ನಿಜವಾದ ಪ್ರಶ್ನೆಯದು.

"ಸಾಲಂಗಿಲ್ಲ," ಎಂದಳು ಅಕ್ಕ. "ಸಾಲಂಗಿಲ್ಲ ಅಂತ ತಿಳಕೊಂಡು ತಿನ್ರಿ."

ಅವನು ಕುಡುಗೋಲನ್ನು ಕಟ್ಟೆಯ ಕೆಳಗೆ ಸರಿಸಿದ. ನೂಲು ಇದೆಯೇ ಎಂದು ಕೇಳಿದ. ನೂಲು ಕಟ್ಟುವ ಕಾಲ ಇದಲ್ಲ, ಅಕ್ಕನದು ಆಗಲೇ ಬಿಸಿಲಿಗೆ ಬಿಳುಪೇರಿ ಕಡ್ಡಿಯಲ್ಲಿತ್ತು. ಆದರೂ ಅವಳು ಸೆರಗಿನ ಕೆಂಪು ಅಂಚಿನಿಂದ ಒಂದು ಎಳೆ ಹಿರಿದು ಕೊಟ್ಟಳು. ಅವನು ಅದನ್ನು ಹಳೆಯ ನೂಲಿನ ಪಕ್ಕದಲ್ಲಿ ಕಟ್ಟಿದ. ಗಂಟು ಸರಿಯಾಗಿ ಬೀಳಲಿಲ್ಲ. ಮಹಬೂಬಿ, "ಮುಖ್ಯಸ್ಥನಾದ್ರೂ ಗಂಟು ಹಾಕಾಕ ಬರಂಗಿಲ್ಲ," ಎಂದು ತಾನೇ ಬಿಗಿದಳು.

ಇದನ್ನೆಲ್ಲ ನಿಮಗೆ ಯಾಕೆ ಬರೆಯುತ್ತಿದ್ದೇನೆಂದರೆ, ನಿಮ್ಮ ನೆಲದಲ್ಲಿ ಉಪ್ಪು ಇನ್ನೂ ಮೇಲೆ ಬಂದಿಲ್ಲದ ಹೊಲಗಳಿವೆ. ನೀವು ನಿಲ್ಲಿಸಿದರೆ ನಿಲ್ಲುವಷ್ಟು ಹೊತ್ತು ಇನ್ನೂ ಇದೆ. ಬರುತ್ತಿರುವಾಗಲೇ ಸಾಕು ಎನ್ನುವುದು ಕಷ್ಟ, ಅದನ್ನು ಇಂದು ಕಣ್ಣಾರೆ ಕಂಡೆ. ಬರುವುದು ನಿಂತ ಮೇಲೆ ಸಾಕು ಎನ್ನುವುದಕ್ಕೆ ಅರ್ಥವೇ ಇಲ್ಲ. ನಾನು ಕೇಳುವುದು ದೊಡ್ಡದೇನಲ್ಲ. ಒಂದು ಬೆಳೆಯ ಕಾಲ ನೀರು ಹಾಯಿಸದೆ ನೆಲವನ್ನು ಸುಮ್ಮನೆ ಬಿಡಿ. ಆ ಕಾಲಕ್ಕೆ ಉಣ್ಣಲು ಈ ಕಾಲದಲ್ಲೇ ಒಂದು ಜಾಡಿ ತುಂಬಿ, ಹುಳಿ ಮರೆಯಬೇಡಿ. ಷೋಕೇಸಿನಲ್ಲಿರುವ ಜಾಡಿ ಸಾಕು, ತೊಳೆದರೆ ಆಯಿತು.

ಇನ್ನು ಹೆಚ್ಚು ಬರೆಯಲಾರೆ. ಪಾತಿಯ ಪೂರ್ವದ ಬದಿಯಲ್ಲಿ ಕಾಯಿ ಕೆಂಪಾಗತೊಡಗಿದೆ, ಗೊರವಂಕಗಳು ಬೇಲಿಯ ಮೇಲೆ ಬಂದು ಕುಳಿತಿವೆ. ಅಕ್ಕ ಕರೆಯುತ್ತಿದ್ದಾಳೆ. ಹಣ್ಣಾಗುವವರೆಗೆ ಅವನ್ನು ಓಡಿಸುವ ಕೆಲಸ ನನ್ನದು.

ನಿಮ್ಮ ಉಪ್ಪನ್ನು ಉಣ್ಣುತ್ತಿರುವ
ಯಂಕೋಬ