ಕಿಟಕಿಗೆ ಅಡ್ಡ ನಿಂತ ಬೀರು

ಮನೆ, ಗುರುವಾರ, ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ

ಪ್ರೀತಿಯ ರೀ,

ಕೆಮ್ಮು ಹೇಗಿದೆ? ಸಭೆಯ ತಣ್ಣನೆ ಕೋಣೆಯಲ್ಲಿ ಮಫ್ಲರ್ ಸುತ್ತಿಕೊಳ್ಳಲು ನಾಚಬೇಡಿ. ತಜ್ಞರಿಗೂ ಇರುವುದು ಒಂದೇ ಗಂಟಲು. ನಾವಿಬ್ಬರೂ ಚೆನ್ನಾಗಿದ್ದೇವೆ. ಪುಟ್ಟಿಯ ಹಲ್ಲು ಬಿತ್ತು, ನಲ್ಲಿಯ ಸೋರಿಕೆ ನಿಂತಿಲ್ಲ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನೆತ್ತಿದರೆ "ಮೀಟಿಂಗಲ್ಲಿದೀನಿ ಕಣೇ" ಅನ್ನುತ್ತೀರಿ. ಕಾಗದಕ್ಕೆ ಹಾಗೆ ಹೇಳಿ ಇಡಲಾಗದು.

ಬೇರೆ ಹೆಂಡತಿಯರು ಗಂಡನ ಶರ್ಟಿನ ಕಾಲರ್ ನೋಡಿ ಅನುಮಾನ ಪಡುತ್ತಾರಂತೆ. ನಾನು ಪಟ್ಟದ್ದು ಮಂಚದ ಕಾಲು ನೋಡಿ. ಹೋದ ತಿಂಗಳು ನಾನು ತಂಗಿಯ ಮನೆಯಿಂದ ಬರುವಷ್ಟರಲ್ಲಿ ನೀವು ಪುಟ್ಟಿಯ ಮಂಚವನ್ನು ಒಳಗೋಡೆಗೆ ಎಳೆದಿದ್ದಿರಿ. "ಗಾಳಿ ಚೆನ್ನಾಗಿ ಬರ್ಲಿ ಅಂತ" ಅಂದಿರಿ, ನಾನೂ ನಂಬಿದೆ. ನಿನ್ನೆ ಕೋಣೆ ಒರೆಸುವಾಗ ಕಿಟಕಿಯ ಕೆಳಗೆ, ಬೀರುವಿನ ಆಚೀಚೆ, ಮಂಚದ ಕಾಲಿನ ಬಿಳಿ ಗುರುತು ಕಂಡು ತಲೆ ಓಡಿತು. ಗಾಳಿಗೆಂದು ಕಿಟಕಿ ಬಿಟ್ಟು ಗೋಡೆಗೆ ಹೋದವರುಂಟೇ? ಸಾಲದ್ದಕ್ಕೆ ನೀವು ಅಂದೇ ಸರಿಸಿದ ಕಬ್ಬಿಣದ ಬೀರು ಬೇರೆ ಕಿಟಕಿಗೆ ಅಡ್ಡ ನಿಂತಿದೆ. ಆ ಕಿಟಕಿಯಿಂದ ಕಾಣುತ್ತಿದ್ದದ್ದು ಎದುರು ಮಹಡಿಯ ಮೊಬೈಲ್ ಟವರ್ ಒಂದೇ.

ಟವರಿನ ಅಲೆ ಜನರ ಮೈಮೇಲೆ ಎಷ್ಟು ಬಿದ್ದರೆ ಅಡ್ಡಿಯಿಲ್ಲ ಎಂದು ಮಿತಿ ಹಾಕುವ ಸಮಿತಿಯಲ್ಲಿ ಕೂತವರು ನೀವು. ಮೈ ಬಿಸಿಯಾಗಿ ಹಾನಿ ಶುರುವಾಗುವ ಮಟ್ಟ ಹುಡುಕಿ, ಅದರ ಐವತ್ತರಲ್ಲಿ ಒಂದು ಪಾಲನ್ನಷ್ಟೇ ಜನರಿಗೆ ಬಿಡುತ್ತೀರಂತೆ. ಐವತ್ತೇ ಯಾಕೆ ಎಂದು ಕೇಳಿದರೆ "ಎಲ್ಲೋ ಒಂದು ಕಡೆ ಗೆರೆ ಎಳೀಬೇಕಲ್ಲ" ಎಂದು ನಕ್ಕಿರಿ. ಮೀಟರ್ ಹಿಡಿದು ನಮ್ಮ ಮಹಡಿ ಹತ್ತಿ, ಮಿತಿಯ ನೂರರಲ್ಲಿ ಒಂದು ಪಾಲೂ ಇಲ್ಲವೆಂದು ಕಟ್ಟಡದವರಿಗೆಲ್ಲ ತೋರಿಸಿದಿರಿ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಹಾಗಿದ್ದರೆ ಈ ಬೀರು ಯಾರಿಗೆ? ಊರಿನ ಮಕ್ಕಳಿಗೆ ಐವತ್ತು ಪಟ್ಟು ಕಾವಲು, ನಿಮ್ಮ ಮಗಳಿಗೆ ಅದರ ಮೇಲೊಂದು ಬೀರು! ಸಮಿತಿಯಲ್ಲಿ ನಿಮ್ಮ ಪಕ್ಕದ ಕುರ್ಚಿ ಟವರ್ ಕಂಪನಿಯವರದ್ದು ಅಂದಿದ್ದಿರಿ; ಅದೂ ರಾತ್ರಿಯಿಂದ ಕೊರೆಯುತ್ತಿದೆ. ಅಥವಾ ಇದು ಮೀಟರಿಗೆ ಸಿಗದ ಬರೀ ಅಪ್ಪನ ಭಯವೋ? ಮಿತಿ ಬರೆಯುವುದು ಸಮಿತಿ, ಮಂಚ ಎಳೆಯುವುದು ಪತಿ, ನಡುವೆ ಕೆಟ್ಟದ್ದು ಶ್ರೀಮತಿಯ ಮತಿ. ಪ್ರಾಸ ಕೂಡಿತು, ಲೆಕ್ಕ ಕೂಡಲಿಲ್ಲ.

ನನ್ನೊಬ್ಬಳ ಮಾತಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಕೆಳಮನೆಯ ಟೈಲರ್ ಹುಡುಗಿಗೆ ಏಳು ತಿಂಗಳು. ಅವಳ ಕಿಟಕಿಯೂ ಅದೇ ದಿಕ್ಕಿಗೆ. ಬೆಳಿಗ್ಗೆ ಮೆಟ್ಟಿಲ ಮೇಲೆ ತಡೆದು, "ಅಕ್ಕಾ, ತೊಟ್ಟಿಲು ಕಿಟಕಿ ಹತ್ರ ಇಡೋಣ ಅಂತಿದೀವಿ. ಏನೂ ಆಗಲ್ಲಮ್ಮ ಅಂದಿದ್ರು ಅಣ್ಣ. ಇಡ್ಲಾ?" ಅಂದಳು. "ಅವರನ್ನ ಕೇಳಿ ಹೇಳ್ತೀನಿ" ಎಂದು ಜಾರಿಕೊಂಡೆ. "ಕೇಳೋದೇನಿದೆ ಅಕ್ಕಾ, ಅವರೇ ಅಲ್ವಾ ಹೇಳಿದ್ದು" ಎಂದು ನನ್ನ ಮುಖವನ್ನೇ ನೋಡಿದಳು. ಅವಳಿಗೆ ಏನು ಹೇಳಲಿ?

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಸಮಿತಿಯ ಹಿರಿಯರಿಗೆಲ್ಲ ನನ್ನ ನಮಸ್ಕಾರ; ಪಕ್ಕದ ಕುರ್ಚಿಯವರಿಗೆ ಸದ್ಯಕ್ಕಿಲ್ಲ.

ನಿಮ್ಮವಳೇ,
ಪುಟ್ಟಿಯ ಅಮ್ಮ

ಮರೆಯುವ ಮುಂಚೆ: ಪುಟ್ಟಿ ಶಾಲೆಯಿಂದ ಬಂದಳು. ಮಂಚ ಯಾಕೆ ಸರಿಸಿದ್ದು ಎಂದು ಕೇಳಿದೆ. "ಟವರ್ ಇದೆಯಲ್ಲ, ಅದಕ್ಕೆ. ಅಮ್ಮಂಗೆ ಹೇಳ್ಬೇಡ, ಬಿಲ್ಡಿಂಗಿಗೆಲ್ಲ ಹೇಳ್ತಾಳೆ ಅಂದ್ರು ಅಪ್ಪ" ಅಂದಳು. ನಿಮ್ಮ ಅಂದಾಜು ಸರಿ. ಈಗಷ್ಟೇ ಟೈಲರ್ ಹುಡುಗಿಗೆ ಹೇಳಿ ಬಂದೆ. ಆಗಲೇ ಕೆಳಗೆ ಎರಡು ಮನೆಗಳಲ್ಲಿ ಮಂಚ ಎಳೆಯುವ ಸದ್ದು. ಭಾನುವಾರ ಸಂಜೆ ಕಟ್ಟಡದವರೆಲ್ಲ ಇದನ್ನೇ ಕೇಳಲು ನಮ್ಮ ನಡುಮನೆಯಲ್ಲಿ ಸೇರುತ್ತಾರೆ. ಹೊಸ ಮಿತಿಗೆ ನೀವು ಸಹಿ ಹಾಕುವುದು ಸೋಮವಾರವಲ್ಲವೇ? ಕೊರಿಯರಿನವನು ಬಾಗಿಲಲ್ಲಿದ್ದಾನೆ, ನಾಳೆ ಇದು ಕೈಸೇರುತ್ತದೆ. ರಾತ್ರಿ ಬಸ್ಸಿಗಾದರೂ ಹೊರಟು ಬನ್ನಿ. ನಿಮ್ಮ ಪರವಾಗಿ ಸುಳ್ಳು ಹೇಳಲಾರೆ; ನೀವಿಲ್ಲದಾಗ ನಿಮ್ಮ ಬಗ್ಗೆ ನಿಜ ಹೇಳುವ ಆಸೆಯೂ ನನಗಿಲ್ಲ.