ಸವೆಯದ ರೆಕ್ಕೆ

ಸ್ಟೋನಿ ಗ್ಯಾಪ್, ಪೆನ್ಸಿಲ್ವೇನಿಯ
೯ ನವೆಂಬರ್ ೨೦೧೪, ಭಾನುವಾರ

ಕೊರಿನ್,

ನೀನು ಚೆನ್ನಾಗಿದ್ದೀಯ ಎಂದು ನಿನ್ನಮ್ಮ ವಾರ ವಾರವೂ ಹೇಳುತ್ತಾಳೆ. ಆದ್ದರಿಂದ ಕೇಳುವ ಗೋಜಿಗೆ ಹೋಗುವುದಿಲ್ಲ. ನಾನೂ ಚೆನ್ನಾಗಿದ್ದೇನೆ, ನೀನೂ ಕೇಳಬೇಕಾಗಿಲ್ಲ. ನಿನ್ನ ಲಕೋಟೆ ಬಂದು ಒಂಬತ್ತು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು ಎಂದು ಬರೆಯುವುದು ಪದ್ಧತಿ; ಬರೆದಿದ್ದೇನೆ ಎಂದುಕೋ. ಆದರೆ ಹೆತ್ತ ಅಪ್ಪನಿಗೆ ಕಳಿಸುವ ಲಕೋಟೆಯ ಮೇಲೆ ‘ಶ್ರೀ ಡೆಲ್ಮರ್ ಝರ್ಬಿ, ಮೀನುತೊಟ್ಟಿಗಳ ಉಸ್ತುವಾರಿ’ ಎಂದು ಅಚ್ಚು ಹಾಕಿಸಿ, ಒಳಗೆ ಹನ್ನೊಂದು ಪುಟದ ವರದಿ ತುರುಕಿ, ಕೈಬರಹದ ಒಂದು ಸಾಲೂ ಇಲ್ಲದೆ ಅಂಚೆಗೆ ಹಾಕಿದವಳಿಗೆ ಒಂಬತ್ತು ವಾರ ಕಾಯುವುದು ದೊಡ್ಡ ಶಿಕ್ಷೆಯೇನಲ್ಲ.

ಮೊದಲು ಜುಲೈ ತಿಂಗಳ ಮಾತು ಮುಗಿಸಿಬಿಡುತ್ತೇನೆ. ನೀನು ಟ್ಯಾನರಿ ತೊರೆಗೆ ಬಂದಿದ್ದೆ. ಸೇತುವೆಯ ಪಕ್ಕ ನಿನ್ನ ಮೀನುಗಾರಿಕೆ ಇಲಾಖೆಯ ಟ್ರಕ್ ನಿಲ್ಲಿಸಿ, ಇನ್ನಿಬ್ಬರನ್ನು ಕಟ್ಟಿಕೊಂಡು, ಬೆನ್ನಿಗೆ ಬ್ಯಾಟರಿ ಪೆಟ್ಟಿಗೆ ಹೇರಿಕೊಂಡು, ನೀರಿಗೆ ಕರೆಂಟು ಬಿಟ್ಟು, ಮಂಪರು ಹತ್ತಿ ತೇಲಿದ ಮೀನು ಎಣಿಸಿದೆ. ಆ ಸೇತುವೆಯಿಂದ ನಮ್ಮ ಹಿಂಬಾಗಿಲು ಕಾಣುತ್ತದೆ. ನಿನ್ನಮ್ಮ ಅಂದು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನೀನು ಒಂದು ಲೋಟ ನೀರು ಕೇಳಲಿಲ್ಲ, ಒಂದು ಕೂಗು ಹಾಕಲಿಲ್ಲ. ಮಗಳು ಊರಿಗೆ ಬಂದು ಹೋದದ್ದು ನನಗೆ ಗೊತ್ತಾದದ್ದು ಕ್ಷೌರದಂಗಡಿಯಲ್ಲಿ, ಮುಖಕ್ಕೆ ಸೋಪಿನ ನೊರೆ ಮೆತ್ತಿಕೊಂಡು ಕೂತಿದ್ದಾಗ. ನಮ್ಮ ಗಾಳ ಹಾಕುವವರ ಕ್ಲಬ್ಬಿನ ಅಧ್ಯಕ್ಷ ಎಲ್ವುಡ್ ಕ್ರೈಡರ್ ಪಕ್ಕದ ಕುರ್ಚಿಯಲ್ಲಿದ್ದ.

“ಏನಯ್ಯಾ ಡೆಲ್, ನಿನ್ ಮಗಳು ಬಂದು ನಮ್ ಮೀನಿಗೆಲ್ಲಾ ಶಾಕ್ ಕೊಟ್ಟು ಹೋದ್ಳಂತೆ! ನಿನಗೂ ಒಂದು ಕೊಟ್ಲಾ, ಇಲ್ಲಾ ಮೀನಿಗಷ್ಟೇನಾ?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ? ನೊರೆ ಬಾಯಿಗೆ ಹೋಯಿತು.

ಈಗ ನಿನ್ನ ವರದಿಗೆ ಬರುತ್ತೇನೆ. ತೊರೆಯ ಮೇಲಿನ ಕವಲಿನಲ್ಲಿ ಮೂರು ಅಂಗುಲಕ್ಕಿಂತ ಚಿಕ್ಕವಾದ ನಲವತ್ತೊಂದು ಟ್ರೌಟ್ ಮೀನಿನ ಮರಿಗಳು ಸಿಕ್ಕವು ಎಂದು ಬರೆದಿದ್ದೀಯ. ಯಾರೂ ತಂದು ಬಿಟ್ಟವಲ್ಲ, ಅಲ್ಲೇ ಮೊಟ್ಟೆಯೊಡೆದು ಹುಟ್ಟಿದ ಕಾಡು ಟ್ರೌಟು. ಆದ್ದರಿಂದ ಟ್ಯಾನರಿ ತೊರೆಯನ್ನು ಇಲಾಖೆಯ ಕಾಡುಮೀನಿನ ತೊರೆಗಳ ಪಟ್ಟಿಗೆ ಸೇರಿಸಬೇಕು, ಇನ್ನು ಮುಂದೆ ಅಲ್ಲಿ ತೊಟ್ಟಿಯಲ್ಲಿ ಸಾಕಿದ ಮೀನು ಬಿಡಕೂಡದು. ತೊಟ್ಟಿಯ ಮೀನು ದೊಡ್ಡವು, ಹೊಟ್ಟೆಬಾಕ ಪ್ರಾಣಿಗಳು, ಕವಲು ಹತ್ತಿ ಹೋಗಿ ಆ ಮರಿಗಳನ್ನು ನುಂಗುತ್ತವೆ ಎಂದು ಒಂಬತ್ತನೇ ಪುಟ. ಹೊಟ್ಟೆಬಾಕ ಎಂಬ ಮಾತು ನಿನ್ನದಲ್ಲ, ನನ್ನದು. ನೀನು ಅದನ್ನೇ ಉದ್ದಕ್ಕೆ, ಗಂಭೀರವಾಗಿ ಬರೆದಿದ್ದೀಯ.

ಸಿಮೆಂಟು ಗೋಡೆಗೆ ಉಜ್ಜಿ ಉಜ್ಜಿ ತೊಟ್ಟಿ ಮೀನಿನ ರೆಕ್ಕೆ ಸವೆದಿರುತ್ತದೆ, ಈ ನಲವತ್ತೊಂದರಲ್ಲಿ ಒಂದರದೂ ಸವೆದಿಲ್ಲ, ಅದೇ ಸಾಕ್ಷಿ ಎಂದು ಆರನೇ ಪುಟದಲ್ಲಿ ಹೇಳುತ್ತೀಯ. ಭಾರೀ ಸಂಶೋಧನೆ! ಅದನ್ನು ನಿನಗೆ ಕಲಿಸಿದ್ದು ಯಾವ ವಿಶ್ವವಿದ್ಯಾಲಯವೂ ಅಲ್ಲ. ನಿನ್ನ ತಲೆ ತೊಟ್ಟಿಯ ಕಟ್ಟೆಗೆ ಎಟುಕದಿದ್ದಾಗ ಮೇವಿನ ಡಬ್ಬದ ಮೇಲೆ ನಿಲ್ಲಿಸಿ, ಒದ್ದೆ ಕೈಯಲ್ಲಿ ಮೀನು ಹಿಡಿದು, ನೋಡು ಇಲ್ಲಿ ಹೇಗೆ ಮೊಂಡಾಗಿದೆ ಎಂದು ತೋರಿಸಿದವನು ನಾನು. ನನ್ನ ಕೋಲು ಕಿತ್ತುಕೊಂಡು ನನ್ನ ಬೆನ್ನಿಗೇ ಬಾರಿಸಿದ್ದೀಯ.

ತೊಟ್ಟಿಗಳಲ್ಲಿ ಈಗ ಮೂರು ಸಾವಿರ ಮೀನಿವೆ. ಬೆಳಿಗ್ಗೆ ಐದಕ್ಕೆ ಎದ್ದು ಜಾಲರಿಯಿಂದ ಎಲೆ ತೆಗೆಯುತ್ತೇನೆ, ಜನವರಿಯಲ್ಲಿ ಕೊಡಲಿಯಿಂದ ಮಂಜುಗಡ್ಡೆ ಒಡೆಯುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಆ ತೊಟ್ಟಿಗಳ ಬೀಗದ ಕೈ ನನ್ನ ಸೊಂಟದಲ್ಲೇ ಇದೆ. ಏಪ್ರಿಲ್ ಬಂತೆಂದರೆ ಬಕೆಟ್ ಸಾಲು. ಟ್ರಕ್ಕಿನಿಂದ ನೀರಿನವರೆಗೆ ಇಡೀ ಊರು ಸಾಲು ನಿಂತು ಕೈಯಿಂದ ಕೈಗೆ ಮೀನಿನ ಬಕೆಟ್ ದಾಟಿಸುತ್ತದೆ. ಸಾಲಿನ ಕೊನೆಯಲ್ಲಿ ನೀರಿಗೆ ಇಳಿದು ನಿಂತು ಮೊದಲ ಬಕೆಟ್ ಬಗ್ಗಿಸುವವನು ನಾನು. ಆಮೇಲೆ ಅಗ್ನಿಶಾಮಕ ಠಾಣೆಯಲ್ಲಿ ಎಲ್ಲರಿಗೂ ಪ್ಯಾನ್‌ಕೇಕು, ಸಾಸೇಜು. ವರ್ಷವಿಡೀ ಒಬ್ಬರ ಮುಖ ಒಬ್ಬರು ನೋಡದ ಜನ ಅವತ್ತು ಪಕ್ಕ ಪಕ್ಕ ನಿಲ್ಲುತ್ತಾರೆ. ನಮ್ಮ ಕ್ಲಬ್ಬಿಗೆ ಬೇರೆ ತೊರೆ ಇಲ್ಲ. ಹನ್ನೊಂದು ಪುಟದಲ್ಲಿ ನೀನು ಮುಚ್ಚಿಸಹೊರಟದ್ದು ಇದನ್ನು. ಇದರ ಬಗ್ಗೆ ವರದಿಯಲ್ಲಿ ಒಂದಕ್ಷರವಿಲ್ಲ.

ಇರಬೇಕೆಂದು ನಿರೀಕ್ಷಿಸಿದ್ದು ನನ್ನ ತಪ್ಪು. ಒಂಬತ್ತು ವರ್ಷಕ್ಕೇ ಬಕೆಟ್ ಸಾಲಿಗೆ ಬರುವುದನ್ನು ಬಿಟ್ಟವಳು ನೀನು. ಹೊಟ್ಟೆನೋವು ಎಂದೆ, ಮುಂದಿನ ವರ್ಷ ಪಾಠವಿದೆ ಎಂದೆ, ಆಮೇಲೆ ನೆಪ ಹೇಳುವುದನ್ನೂ ಬಿಟ್ಟೆ. ಏಕೆ ಎಂದು ಯಾರಿಗೂ ಹೇಳಲಿಲ್ಲ.

ಹೋದ ಭಾನುವಾರ ಎಲ್ವುಡ್ ಮನೆಗೆ ಬಂದ. ಇಲಾಖೆಗೆ ಆಕ್ಷೇಪ ಬರೆಯಲು ಈ ಹದಿನೈದನೇ ತಾರೀಕು ಕೊನೆಯ ದಿನ. ಒಂದು ಕಾಗದ ಟೈಪು ಮಾಡಿಸಿ ತಂದಿದ್ದ. ಅದರಲ್ಲಿ ಹೀಗಿದೆ: ಡೆಲ್ಮರ್ ಝರ್ಬಿ ಎಂಬ ನಾನು, ಕಳೆದ ಏಪ್ರಿಲ್ ತಿಂಗಳಲ್ಲಿ, ತೊಟ್ಟಿಗೆಂದು ಬಂದ ಎಳೇ ಮರಿಗಳಲ್ಲಿ ಮಿಕ್ಕವನ್ನು ಎರಡು ಬಕೆಟ್ಟಿನಲ್ಲಿ ಒಯ್ದು ಮೇಲಿನ ಕವಲಿಗೆ ಸುರಿದಿದ್ದೇನೆ. ಇಷ್ಟೇ.

“ನಾನೆಲ್ಲಿ ಸುರಿದೆ?” ಎಂದೆ.

“ಸುರೀಲಿಲ್ಲ ಅಂತ ಹೇಳೋರು ಯಾರಿದ್ದಾರೆ? ಬೀಗದ ಕೈ ನಿನ್ನೊಬ್ಬನ ಹತ್ರ ತಾನೇ ಇರೋದು? ತೊಟ್ಟಿ ಮುಖಾನೇ ನೋಡದ ಮರಿ ಅಂದ್ಮೇಲೆ ರೆಕ್ಕೆ ಎಲ್ಲಿಂದ ಸವೀತದೆ? ಆಯ್ತಲ್ಲ, ಆರನೇ ಪುಟ ಕಸದಬುಟ್ಟಿಗೆ!”

“ಕೊರಿನ್ ಗತಿ?”

“ಅವಳಿಗೇನಾಗುತ್ತಪ್ಪ? ಒಂದೆರಡು ದಿನ ಮುಖ ಕೆಂಪಾಗುತ್ತೆ. ಅಪ್ಪ ಬಿಟ್ಟ ಮೀನನ್ನೇ ಮಗಳು ಕಾಡುಮೀನು ಅಂತ ಎಣಿಸಿಬಿಟ್ಳು ಅಂತ ಆಫೀಸಲ್ಲಿ ನಗ್ತಾರೆ. ನಿನ್ನನ್ನ ನೋಡಿ ಊರು ನಗ್ಲಿಲ್ವಾ? ಸರಿಹೋಯ್ತು.” ಪೆನ್ನು ತೆಗೆದು ಕಾಗದದ ಮೇಲಿಟ್ಟ. “ಯೋಚ್ನೆ ಮಾಡೋಕೆ ಏನಿದೆ ಡೆಲ್? ನಾವಿಬ್ರೂ ಒಂದೇ ಬೆಂಚಲ್ಲಿ ಕೂತು ಓದಿದೋರು. ಅವಳು ನಿನ್ ಬಾಗಿಲು ತಟ್ಟಿದ್ದು ಯಾವತ್ತು, ಹೇಳು ನೋಡೋಣ?”

ಕಾಗದ ಇಲ್ಲೇ ಬಿಟ್ಟು ಹೋಗು ಎಂದೆ. ಅವನು ಕೇಳಿದ್ದಕ್ಕೆ ಉತ್ತರ ನೀನೇ ಕೊಡು.

ಎಲ್ವುಡ್ ಹೋದ ಮೇಲೆ ನಿನ್ನಮ್ಮ ಆ ಕಾಗದ ಓದಿದಳು. ಎರಡು ಸಲ ಓದಿ, ಮಡಿಸಿ, ಸಕ್ಕರೆ ಡಬ್ಬಿಯ ಕೆಳಗಿಟ್ಟಳು. “ಸೈನ್ ಹಾಕೋದಾದ್ರೆ ಹಾಕಿ, ನಾನು ಕೈ ಹಿಡ್ಕೊಳಲ್ಲ. ಆದ್ರೆ ಭಾನುವಾರ ಅವಳ ಫೋನು ಬಂದಾಗ ನೀವೇ ಎತ್ತಿ ಮಾತಾಡಿ. ನನ್ ಕೈಲಾಗಲ್ಲ” ಎಂದಳು. ಈ ಮನೆಯಲ್ಲಿ ನೀನಿಲ್ಲದಾಗಲೂ ನಿನ್ನ ಪಕ್ಷವೇ.

ಮಂಗಳವಾರ ನಾನು ಮೇಲಿನ ಕವಲಿಗೆ ಹತ್ತಿ ಹೋದೆ. ನಿನ್ನ ತಪ್ಪು ಹಿಡಿಯಲು ಹೋದೆ, ಸುಳ್ಳೇಕೆ ಹೇಳಲಿ. ಎಷ್ಟೋ ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ. ಮಂಡಿ ನೋವಿಗೆ ದಾರಿಯುದ್ದಕ್ಕೂ ನಿನ್ನನ್ನೇ ಬೈದೆ. ಹಳೇ ಹೆಮ್ಲಾಕ್ ಮರ ಅಡ್ಡ ಬಿದ್ದಿದೆಯಲ್ಲ, ಅಲ್ಲಿ ತೊರೆ ದಾಟಬೇಕೆಂದು ಬೂಟುಗಾಲು ಎತ್ತಿದವನು ಹಾಗೆಯೇ ನಿಂತೆ. ನೀರಿನಡಿ ಕಪ್ಪು ಹಿಡಿದ ನುರುಜುಗಲ್ಲಿನ ನಡುವೆ ಊಟದ ತಟ್ಟೆಯಷ್ಟು ಅಗಲಕ್ಕೆ ಕಲ್ಲು ಬೆಳ್ಳಗೆ ತೊಳೆದಂತಿತ್ತು. ಅದರ ಮೇಲೆ ಅಂಗೈಯುದ್ದದ ಹೆಣ್ಣು ಟ್ರೌಟೊಂದು ಮಗ್ಗುಲಾಗಿ ಬಾಲದಿಂದ ಕಲ್ಲು ಬಡಿದು ಮೊಟ್ಟೆಯಿಡಲು ಗುಂಡಿ ತೋಡುತ್ತಿತ್ತು. ಹಿಂದೆ ಕೆಂಪು ಹೊಟ್ಟೆಯ ಗಂಡು. ಎರಡರ ರೆಕ್ಕೆಗೂ ಅಂಚಿನುದ್ದಕ್ಕೆ ಬಿಳಿ ಗೆರೆ, ಎಲ್ಲೂ ಹರಿದಿಲ್ಲ, ಮೊಂಡಾಗಿಲ್ಲ. ಕಾಲು ಇಟ್ಟಿದ್ದರೆ ಮೊಟ್ಟೆಯ ಮೇಲೇ ಇಡುತ್ತಿದ್ದೆ. ಮೂರು ಸಾವಿರ ಮೀನು ಸಾಕುವವನು ಎರಡು ಮೀನಿಗೆ ಅಂಜಿ, ನೋಯುವ ಮಂಡಿಯ ಮೇಲೆ ಒಂಟಿಗಾಲಲ್ಲಿ ನಿಂತಿದ್ದೆ. ಕೊನೆಗೆ ಕೊಂಬೆ ಹಿಡಿದು ಹಿಂದಕ್ಕೆ ಜಿಗಿದು, ಅರ್ಧ ಮೈಲಿ ಸುತ್ತು ಹಾಕಿ ಮನೆಗೆ ಬಂದೆ. ಇದರಿಂದ ನಿನ್ನ ಮೇಲಿನ ಸಿಟ್ಟು ಇಳಿಯಿತೆಂದು ತಿಳಿಯಬೇಡ. ಇನ್ನೂ ಏರಿತು.

ಅಂದಿನಿಂದ ಆ ಕಾಗದ ಸಕ್ಕರೆ ಡಬ್ಬಿಯ ಕೆಳಗೇ ಇತ್ತು. ಎಲ್ವುಡ್ ಎರಡು ಸಲ ಫೋನು ಮಾಡಿದ. ನಿನ್ನೆ ಕೇಳಿದ: “ಮಗಳೋ, ಊರೋ? ಒಂದು ಹೇಳಿ ಮುಗಿಸಯ್ಯಾ.” ನಾನು ಫೋನು ಇಟ್ಟುಬಿಟ್ಟೆ.

ಇಷ್ಟು ಸಾಕು. ಚಳಿ ಶುರುವಾಗಿದೆ. ನಿನ್ನ ನೀರಿಗಿಳಿಯುವ ಬೂಟಿನ ಎಡಗಾಲು ಸೋರುತ್ತದೆಯಂತೆ, ನಿನ್ನಮ್ಮ ಹೇಳಿದಳು. ಇಲಾಖೆ ಕೊಡುವವರೆಗೆ ಕಾಯದೆ ಬೇರೆ ತೆಗೆದುಕೋ. ಜಾರುಗಲ್ಲಿನ ಮೇಲೆ ಜೋಪಾನ. ನಿನ್ನ ಬೆನ್ನಿನ ಪೆಟ್ಟಿಗೆಯನ್ನೂ ನಿನ್ನ ಹಟವನ್ನೂ ದೇವರು ಕಾಯಲಿ, ನನ್ನಿಂದಾಗದು.

ನಿನ್ನ ಅಪ್ಪ,
ಡೆಲ್ಮರ್ ಝರ್ಬಿ

ಮರೆತ ಮಾತು: ಎಲ್ವುಡ್ಡನ ಕಾಗದವನ್ನು ಇದರ ಜೊತೆಗೇ ಇಟ್ಟಿದ್ದೇನೆ. ಸಹಿ ಹಾಕಿಲ್ಲ. ಬೇಕಿದ್ದರೆ ಒಲೆಗೆ ಹಾಕು.

ಏಪ್ರಿಲ್‌ನಲ್ಲಿ ಮೂರು ಸಾವಿರ ಮೀನನ್ನು ಏನು ಮಾಡುತ್ತೇನೋ ತಿಳಿಯದು, ಎಲ್ವುಡ್ಡನ ಮುಖ ಹೇಗೆ ನೋಡುತ್ತೇನೋ ಅದೂ ತಿಳಿಯದು. ಅದು ನನ್ನ ಪಾಡು. ಆದರೆ ನಿನ್ನ ವರದಿಯಲ್ಲಿ ಒಂದು ಸುಳ್ಳಿದೆ. ನಾಲ್ಕನೇ ಪುಟದಲ್ಲಿ, ‘ಈ ತೊರೆಯಲ್ಲಿ ಕಾಡು ಟ್ರೌಟು ಹುಟ್ಟುವುದು ಮೊದಲ ಬಾರಿಗೆ ಕಂಡುಬಂದಿದೆ’ ಎಂದು ಬರೆದಿದ್ದೀಯ. ನನ್ನನ್ನು ಚುಚ್ಚಲೆಂದೇ ಬರೆದೆಯೋ, ನನ್ನ ಮರ್ಯಾದೆ ಉಳಿಸಲು ಬರೆದೆಯೋ ನನಗೆ ಗೊತ್ತಿಲ್ಲ.

ಸಾವಿರದ ಒಂಬೈನೂರ ಎಂಬತ್ತಾರು, ಅಕ್ಟೋಬರ್, ಕ್ಲಬ್ಬಿನ ಭಾನುವಾರದ ಊಟ. ಹಳೇ ತೊಟ್ಟಿಯ ಜೊತೆಗೆ ಹೊಸ ಸಿಮೆಂಟು ತೊಟ್ಟಿಗಳನ್ನು ಕಟ್ಟಬೇಕೋ ಬೇಡವೋ, ನನ್ನನ್ನು ಉಸ್ತುವಾರಿ ಮಾಡಬೇಕೋ ಬೇಡವೋ ಎಂದು ಅವತ್ತು ಕೈ ಎತ್ತಿ ಮತ ಹಾಕುವವರಿದ್ದರು. ಮೊಣಕಾಲವರೆಗೆ ಒದ್ದೆಯಾಗಿ, ಉಪ್ಪಿನಕಾಯಿ ಜಾಡಿ ಎದೆಗವಚಿಕೊಂಡು ನೀನು ಓಡಿ ಬಂದೆ. “ಅಪ್ಪಾ, ಮೇಲಿನ ಕವಲಲ್ಲಿ ಹಿಡಿದೆ! ಇಷ್ಟು ಚಿಕ್ಕದು, ನಾವು ಬಿಟ್ಟಿದ್ದಲ್ಲ, ಅಲ್ಲೇ ಹುಟ್ಟಿದ್ದು!” ಎಂದೆ. ಊಟಕ್ಕೆ ಕೂತವರೆಲ್ಲ ತಿರುಗಿದರು. ನಾನು ಜಾಡಿ ಬೆಳಕಿಗೆ ಹಿಡಿದು ನೋಡಿದೆ. ಬೆರಳುದ್ದದ ಮೀನು, ಪಕ್ಕೆಯಲ್ಲಿ ಹೆಬ್ಬೆಟ್ಟು ಒತ್ತಿದಂಥ ಕಲೆಗಳು, ರೆಕ್ಕೆಗೆ ಬಿಳಿ ಅಂಚು. ಒಂದು ಗಳಿಗೆ ಕೂಡ ಅನುಮಾನ ಬರಲಿಲ್ಲ ನನಗೆ. ತೊರೆ ತಾನೇ ಮೀನು ಹೆರುತ್ತದೆಂದರೆ ತೊಟ್ಟಿ ಯಾರಿಗೆ ಬೇಕು, ನಾನು ಯಾರಿಗೆ ಬೇಕು?

“ಗಾಳಕ್ಕೆ ಚುಚ್ಚೋ ಚಿಳ್ಳೆ ಮೀನು ಇದು” ಎಂದೆ. ನೀನು “ಅಲ್ಲಪ್ಪಾ, ರೆಕ್ಕೆ ನೋಡು, ನೀನೇ ಹೇಳಿಕೊಟ್ಟಿದ್ದಲ್ವಾ” ಎಂದೆ. ಅಪ್ಪನಿಗೆ ಎದುರುತ್ತರ ಕೊಟ್ಟದ್ದಕ್ಕೆ, ಸುಳ್ಳು ಹೇಳಿ ಎಲ್ಲರ ಊಟ ಕೆಡಿಸಿದ್ದಕ್ಕೆ, ಅಷ್ಟೂ ಜನರ ಮುಂದೆ ನಿನ್ನ ಕೈಲಿ ಕ್ಷಮೆ ಕೇಳಿಸಿದೆ. ನೀನು ಕೇಳಿದೆ. ಆಮೇಲೆ ನಾನು ಜಾಡಿಯನ್ನು ಪಾತ್ರೆ ತೊಳೆಯುವ ತೊಟ್ಟಿಗೆ ಬಗ್ಗಿಸಿದೆ. ಮೀನು ಅದರ ಜಾಲರಿಯ ಮೇಲೆ ಒದ್ದಾಡುತ್ತಿತ್ತು. ನೀನು ನೋಡುತ್ತಾ ನಿಂತಿದ್ದೆ. ನಾನು ನಲ್ಲಿ ತಿರುಗಿಸಿದೆ.

ನಾಲ್ಕನೇ ಪುಟ ತಿದ್ದು. ಅಕ್ಟೋಬರ್ ೧೯೮೬, ಮೇಲಿನ ಕವಲು, ಒಂದು ಮರಿ, ಹಿಡಿದವಳು ಕೊರಿನ್ ಝರ್ಬಿ, ವಯಸ್ಸು ಒಂಬತ್ತು ಎಂದು ಬರೆ. ಸಾಕ್ಷಿ ಯಾರು ಎಂದು ಕೇಳಿದರೆ ನನ್ನ ಹೆಸರು ಹಾಕಿ ಆ ಹಾಳೆಯನ್ನು ತೆಗೆದುಕೊಂಡು ಬಾ. ಅಂಚೆಯಲ್ಲಿ ಕಳಿಸಬೇಡ. ಬಾಗಿಲು ತಟ್ಟಿ ಕೊಡು, ಸಹಿ ಹಾಕುತ್ತೇನೆ.