ದಾರ ಕಟ್ಟಿದ ಕೊಂಬೆ

ಸೆಪ್ಟೆಂಬರ್ 12, 2021, ಭಾನುವಾರ

ಬೆಳಗ್ಗೆಯಿಂದ ಅಣ್ಣನ ಸೇಬಿನ ತೋಟದಲ್ಲಿ. ಎಂಟು ಸಾಲು ಮುಗಿಯಿತು. ಎಂದಿನಂತೆ ನಾನು ಕೆಳಗೆ ನಿಂತು ಬೆರಳು ತೋರಿಸುವುದು, ಅವನು ಏಣಿಯ ಮೇಲಿಂದ ಕೀಳುವುದು. ಅವನಿಗೆ ಕೆಂಪು, ಹಸಿರು ಎರಡೂ ಒಂದೇ. ಎಲೆಯ ನಡುವೆ ಸೇಬು ಕಾಣುವುದೇ ಇಲ್ಲ. ನನ್ನ ಕಣ್ಣನ್ನು ತಂಗಿಯ ಹತ್ತಿರ ಇಟ್ಟಿದ್ದೇನೆ ಎಂದು ಅತ್ತಿಗೆಗೆ ಹೇಳಿ ನಗುತ್ತಾನೆ. ಚಿಕ್ಕಂದಿನಿಂದ ಅದೇ ಜೋಕು.

ಇವತ್ತು ಕೊನೆಯ ಸಾಲಿನ ಮುದಿ ಮರದ ಹತ್ತಿರ ನಿಂತುಬಿಟ್ಟ. ಒಂದು ಕೊಂಬೆ ತೋರಿಸಿ, "ಅಲ್ಲಿ ಹಣ್ಣಿದೆ. ನಂಗೇ ಕಾಣ್ತಿದೆ" ಅಂದ.

ನೋಡಿದೆ. ಮರವೆಲ್ಲ ಹಸಿರಿನ ಮೇಲೆ ಕೆಂಪು ಗೆರೆಯ ಮಾಮೂಲು ಹಣ್ಣು. ಆ ಒಂದು ಕೊಂಬೆಯಲ್ಲಿ ಮಾತ್ರ ಕಪ್ಪೆನ್ನುವಷ್ಟು ಕಡುಗೆಂಪು, ತೊಟ್ಟಿನಿಂದ ತಳದವರೆಗೆ. ಯಾವುದೋ ಮೊಗ್ಗು ತಾನಾಗಿಯೇ ದಾರಿ ಬದಲಿಸಿದೆ. ಲಕ್ಷಕ್ಕೊಂದು ಹಾಗಾಗುತ್ತದೆ. ನರ್ಸರಿಯಲ್ಲಿ ಹನ್ನೊಂದು ವರ್ಷದಿಂದ ಕಸಿ ಕಟ್ಟುತ್ತಿದ್ದೇನೆ. ಹನ್ನೊಂದು ವರ್ಷವೂ ಇಂಥದ್ದನ್ನೇ ಹುಡುಕಿ ಕತ್ತು ನೋಯಿಸಿಕೊಂಡಿದ್ದೇನೆ. ಕಂಡದ್ದು... ಅವನಿಗೆ.

ಅಣ್ಣ ಜೇಬಿನಿಂದ ಗೋಣಿದಾರ ತೆಗೆದು ಕೊಂಬೆಗೆ ಕಟ್ಟಿದ. ಸಂತೋಷಪಡಬೇಕಿತ್ತು. ಹೊಟ್ಟೆ ಉರಿಯಿತು. ಬರೆದೇಬಿಟ್ಟೆ, ಇರಲಿ.

ಜನವರಿ 15, 2022, ಮಧ್ಯಾಹ್ನ 3

ಮುದಿ ಮರದ ಕಾಂಡ ಕೊಳೆತಿದೆ. ನಾಳೆ ಉರುಳಿಸುತ್ತಾರೆ. ಅದಕ್ಕೂ ಮೊದಲು ಅಣ್ಣ ದಾರದ ಕೊಂಬೆಯಿಂದ ಕಡ್ಡಿ ಕೊಯ್ದಿಟ್ಟುಕೊಳ್ಳುತ್ತಾನಂತೆ, ಮಾರ್ಚಿನಲ್ಲಿ ಕಸಿಗೆ. ಬೀಜ ಹಾಕಿದರೆ ಆ ಬಣ್ಣ ಬರುವುದಿಲ್ಲ, ಆ ಕೊಂಬೆಯದೇ ಕಡ್ಡಿ ಬೇಕು.

ಅತ್ತಿಗೆಯ ಹಲ್ಲು ಕೀಳಿಸಲು ಇಬ್ಬರೂ ಹೋಗಿದ್ದರು. ಮರದಲ್ಲಿ ಎಲೆಯಿಲ್ಲ, ಹಣ್ಣಿಲ್ಲ. ಯಾವ ಕೊಂಬೆ ಯಾವುದೆಂದು ಹೇಳುವುದು ಆ ದಾರ ಒಂದೇ.

ನನಗೆ ಬೇಕಾದಷ್ಟು ಕಡ್ಡಿ ಕೊಯ್ದೆ. ಕೊಯ್ದ ಗಾಯ ಕಾಣದಂತೆ ಮಣ್ಣು ಸವರಿದೆ. ದಾರ ಬಿಚ್ಚಿ ಪಕ್ಕದ ಕೊಂಬೆಗೆ ಕಟ್ಟಿದೆ. ಅಣ್ಣನ ಗಂಟು ನನಗೂ ಬರುತ್ತದೆ — ಅವನೇ ಕಲಿಸಿದ್ದು.

ಮಾರ್ಚ್ 6

ಅಣ್ಣನ ನಲವತ್ತು ಗಿಡಕ್ಕೂ ಕಸಿ ನಾನೇ ಕಟ್ಟಿಕೊಟ್ಟೆ. ನನ್ನ ಕೈಗುಣ ಒಳ್ಳೆಯದು ಅಂದ. ಇಷ್ಟು ಚೆನ್ನಾಗಿ ಎಂದೂ ಕಟ್ಟಿರಲಿಲ್ಲ. ಒಂದೂ ಸಾಯಬಾರದು ಅನ್ನಿಸಿತು. ಕೆಲಸಕ್ಕೆ ಬಾರದ ಕಡ್ಡಿಗೆ ಅಷ್ಟು ಉಪಚಾರ.

ಫೆಬ್ರವರಿ 19, 2023

ನರ್ಸರಿಯಲ್ಲಿ ನನಗಾಗಿ ಕಸಿ ಕಟ್ಟಿಕೊಂಡ ಆರು ಗಿಡಗಳಿಂದ ಅಸಲಿ ಕಡ್ಡಿ ಕೊಯ್ದು, ಒದ್ದೆ ಬಟ್ಟೆ ಸುತ್ತಿ, ಟಿಫಿನ್ ಡಬ್ಬಿಯಲ್ಲಿ ಅಣ್ಣನ ತೋಟಕ್ಕೆ ಒಯ್ದಿದ್ದೆ. ಅವನ ಗಿಡಗಳ ತಲೆ ಕತ್ತರಿಸಿ ಹೊಸದಾಗಿ ಕಟ್ಟಿಬಿಡುವುದು, ಚಳಿಗೆ ತುದಿ ಸತ್ತಿತ್ತು ಅನ್ನುವುದು. ಅಷ್ಟೇ ಪ್ಲಾನು. ಹೋದರೆ ಅಣ್ಣ ಅಲ್ಲೇ. ಒಂದೊಂದು ಗಿಡದ ಬುಡಕ್ಕೂ ಒಣಹುಲ್ಲು ಹೊದಿಸುತ್ತಿದ್ದ, ಮಗುವಿಗೆ ಕಂಬಳಿ ಹೊದಿಸುವ ಹಾಗೆ. ಡಬ್ಬಿಯಲ್ಲಿ ಏನು ತಂದೆ ಅಂತ ಕೇಳಿದ. ಖಾಲಿ ಅಂದೆ.

ಆಗಸ್ಟ್ 22, 2024

ನರ್ಸರಿಯಲ್ಲಿ ನನ್ನ ಆರೂ ಗಿಡ ಕಡುಗೆಂಪು. ಬೇರೆಡೆ ಸಿಕ್ಕ ಕೊಂಬೆ ಎಂದು ಮೊದಲೇ ಹೇಳಿಟ್ಟಿದ್ದೆ. ಯಜಮಾನರು ಹೊಸ ತಳಿಯ ಫಾರಂ ತಂದು ಮುಂದಿಟ್ಟರು. 'ಮೊದಲು ಕಂಡವರು' ಅಂತ ಒಂದು ಕಾಲಂ. ನನ್ನ ಹೆಸರು ಬರೆದೆ. ಪೆನ್ನು ತಡವರಿಸಲೂ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸೋಮವಾರ ಪೋಸ್ಟ್ ಮಾಡಬೇಕು. ಫಾರಂ ನನ್ನ ಬ್ಯಾಗಿನಲ್ಲೇ ಇದೆ.

ಆಗಸ್ಟ್ 25, ಭಾನುವಾರ, ಸಂಜೆ 5

ಬೇಗ ಬಾ ಅಂತ ಅಣ್ಣನ ಫೋನ್. ಅತ್ತಿಗೆ ತಾಯಿಯ ಆರೈಕೆಗೆ ಹೋಗಿ ತಿಂಗಳಾಯಿತು. ಒಬ್ಬನೇ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಸಾಲಿನ ತುದಿಯಲ್ಲಿ ನಿಂತಿದ್ದ. ಗಿಡದ ತುಂಬ ಹಣ್ಣು. ಹಸಿರಿನ ಮೇಲೆ ಕೆಂಪು ಗೆರೆ.

"ಒಂದೂ ಕಾಣ್ತಿಲ್ಲ ಕಣೆ. ಅವತ್ತು ಎಷ್ಟು ಚೆನ್ನಾಗಿ ಕಂಡಿತ್ತು. ನನ್ನ ಕಣ್ಣು ಇನ್ನೂ ಹಾಳಾಯ್ತು ಅನ್ಸತ್ತೆ."

ದಾರದ ಮೇಲೆ ಅನುಮಾನವಿಲ್ಲ. ನನ್ನ ಮೇಲೂ ಇಲ್ಲ. ತನ್ನ ಕಣ್ಣನ್ನೇ ಬೈದುಕೊಳ್ಳುತ್ತಿದ್ದಾನೆ. ಎಲೆಯೊಳಗೆ ಕೈ ಹಾಕಿ ತಡವಿ ಒಂದು ಹಣ್ಣು ಕಿತ್ತ.

"ನೀನೇ ನೋಡಿ ಹೇಳು. ನೀನು ಕೆಂಪು ಅಂದ್ರೆ ಕೆಂಪು."

ಕೆಂಪು ಅಂದೆ.

ಅವನ ಮುಖ ಅರಳಿತು. ಮೊದಲನೆಯ ಹಣ್ಣು ನಿನಗೇ ಎಂದು ನನ್ನ ಕೈಗಿಟ್ಟ. ನಾಳೆ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಾನಂತೆ. ಜೊತೆಗೆ ಬಾ ಅಂದ. ಬರುತ್ತೇನೆ ಅಂದೆ.

ಹಣ್ಣು ಮೇಜಿನ ಮೇಲಿದೆ. ಪಕ್ಕದಲ್ಲಿ ಫಾರಂ. ಮೂರು ಸಲ ಫೋನ್ ತೆಗೆದು ಇಟ್ಟೆ. ಅವನಿಗೆ ಹೇಳಬೇಕಾದ್ದನ್ನು ಇಲ್ಲಿ ಬರೆದುಕೊಳ್ಳುತ್ತೇನೆ. ಫೋನಿನಲ್ಲಿ ಹಾಗೇ ನೋಡಿಕೊಂಡು ಓದಿಬಿಟ್ಟರೆ ಸಾಕು.

ಅಣ್ಣಾ, ನಿನ್ನ ಕಣ್ಣು ಸರಿಯಾಗೇ ಇದೆ. ಅವತ್ತು ಆ ದಾರಾನ ನಾನು...